ಕೊಣ್ಣೂರು ಹೊಳೆಯ ಕೂಗದ ಸೈರನ್

ಸೈರನ್ ಕೂಗಿತ್ತು ಎಂದು ಕಂಪ್ಯೂಟರ್ ಹೇಳುತ್ತಿತ್ತು. ಕೂಗಲಿಲ್ಲ ಎಂದು ಕಾವಲುಗಾರ ಹೇಳುತ್ತಿದ್ದ. ಕಂಪನಿಯವರು ಕಂಪ್ಯೂಟರಿನ ಮಾತು ನಂಬಿ ಕಾವಲುಗಾರನನ್ನು ಕೆಲಸದಿಂದ ನಿಲ್ಲಿಸಿದರು. ನನ್ನನ್ನು ಕೊಣ್ಣೂರಿಗೆ ಕಳಿಸಿದ್ದು ಇಬ್ಬರಲ್ಲಿ ಯಾರ ಮಾತು ನಿಜ ಎಂದು ನೋಡಲಿಕ್ಕಲ್ಲ. ಪೆಟ್ಟಿಗೆ ಸರಿಯಾಗಿದೆ ಎಂದು ಬರೆದು ಸಹಿ ಹಾಕಿ ಬರಲಿಕ್ಕೆ.

ಕೊಣ್ಣೂರಿನ ದೊಡ್ಡ ಸೇತುವೆಯಿಂದ ಸ್ವಲ್ಪ ಕೆಳಗೆ, ಹೊಲಗಳಿಗೆ ಹೋಗುವ ದಾರಿಯಲ್ಲಿ, ಮಲಪ್ರಭೆಗೆ ಅಡ್ಡಲಾಗಿ ಒಂದು ತಗ್ಗಿನ ಸೇತುವೆ ಇದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮೊದಲು ಮುಳುಗುವುದು ಅದೇ. ಅಲ್ಲಿ ನಮ್ಮ ಕಂಪನಿ ಎಚ್ಚರಿಕೆಯ ಪೆಟ್ಟಿಗೆಯೊಂದನ್ನು ಕೂರಿಸಿತ್ತು. ಸೇತುವೆಗೆ ನೇತುಹಾಕಿದ ಸೆನ್ಸರ್ ನೀರಿನ ಮಟ್ಟ ಅಳೆಯುತ್ತದೆ. ಮಟ್ಟ ಅಪಾಯದ ಗುರುತು ಮುಟ್ಟಿದರೆ ಸೈರನ್ ಕೂಗಬೇಕು, ದಾರಿಯ ಎರಡೂ ಕಡೆ ಕೆಂಪು ದೀಪ ಹತ್ತಬೇಕು. ಅದನ್ನು ಕೇಳಿ ಕಾವಲುಗಾರ ಕಬ್ಬಿಣದ ಅಡ್ಡಗಂಬ ಇಳಿಸಿ ದಾರಿ ಮುಚ್ಚಬೇಕು. ಅವನ ಶೆಡ್ಡು ದಂಡೆಯಿಂದ ಸ್ವಲ್ಪ ದೂರ, ಜಾಲಿಕಂಟಿಗಳ ಆಚೆ. ಕುಳಿತಲ್ಲಿಂದ ನೀರು ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ, ಸೈರನ್ ಇದೆಯಲ್ಲ ಎಂದು ಆ ಜಾಗ ಆರಿಸಿದ್ದೂ ಕಂಪನಿಯೇ.

ಆ ಸಂಜೆ ಹೊಲಕ್ಕೆ ಹೆಸರುಕಾಯಿ ಬಿಡಿಸಲು ಹೋಗಿದ್ದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಒಂದು ಟಂಟಂ ಆಟೋ ವಾಪಸು ಬರುತ್ತಿತ್ತು. ಸೇತುವೆಯ ನಡುವೆ ಬಂದಾಗ ನೀರು ಗಾಲಿ ಮುಚ್ಚಿತು, ಗಾಡಿ ಅಡ್ಡ ಸರಿದು ಅಂಚಿನ ಕಲ್ಲುಗಂಬಗಳಿಗೆ ಒತ್ತಿಕೊಂಡು ನಿಂತಿತು. ದಂಡೆಯಲ್ಲಿದ್ದ ಮಂದಿ ಹಗ್ಗ ಒಗೆದು ಎಲ್ಲರನ್ನೂ ಎಳೆದುಕೊಂಡರು. ಗಾಡಿಗೂ ಕಲ್ಲಿಗೂ ನಡುವೆ ಸಿಕ್ಕ ಒಬ್ಬ ಹೆಣ್ಣುಮಗಳ ಬಲಗೈ ಮುರಿಯಿತು. ಯಾರ ಜೀವವೂ ಹೋಗಲಿಲ್ಲ ಎನ್ನುವುದನ್ನು ಕಂಪನಿಯವರು ತಾವೇ ಮಾಡಿದ ಉಪಕಾರದ ಹಾಗೆ ಹೇಳಿಕೊಂಡು ತಿರುಗಿದರು.

ನಮ್ಮ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಇಷ್ಟು: “ಮೇಡಂ, ಕಂಪ್ಯೂಟರ್ ಬರೆದಿಟ್ಟ ಲಾಗ್‌ನಲ್ಲಿ ಎಲ್ಲ ಕ್ಲಿಯರ್ ಇದೆ. ನೀರು ಗುರುತು ಮುಟ್ಟಿದ ಕೂಡಲೇ ಸೈರನ್ ಆನ್, ಲೈಟ್ ಆನ್, ಎರಡೂ ಓಕೆ ಅಂತ ಬಂದಿದೆ. ಆ ಮನುಷ್ಯ ಮಲಗಿದ್ದಾನೆ, ಅಷ್ಟೇ. ತಾಲ್ಲೂಕಿನ ಅಧಿಕಾರಿ ವರದಿ ಕೇಳ್ತಿದ್ದಾರೆ. ನೀವು ಹೋಗಿ ಒಂದು ಸಲ ನೋಡಿ, ಬರೆದು ಕಳಿಸಿಬಿಡಿ.”

ನನ್ನ ಮನೆ ಗಜೇಂದ್ರಗಡದಲ್ಲಿ. ಗಜೇಂದ್ರಗಡ, ರೋಣ, ನರಗುಂದ, ಈ ಮೂರು ಊರಿನ ಸುತ್ತ ಹಳ್ಳ, ಹೊಳೆಗಳ ಮೇಲಿರುವ ಕಂಪನಿಯ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಂಜಾನೆಯ ಬಸ್ಸು ಹಿಡಿದು ರೋಣ, ನರಗುಂದ ದಾಟಿ ಕೊಣ್ಣೂರಿನಲ್ಲಿ ಇಳಿದಾಗ ಹೊಳೆ ಇಳಿದಿತ್ತು. ಸೇತುವೆಯ ಮೇಲೆ ಕೆಸರು, ಕಂಟಿ. ಅಡ್ಡಗಂಬದ ಹತ್ತಿರ ಕಾವಲುಗಾರ ಕುಳಿತಿದ್ದ. ಕೆಲಸದಿಂದ ತೆಗೆದಮೇಲೂ ಬಂದು ಕುಳಿತಿದ್ದ.

“ಕಾಕಾ, ಅವತ್ತ ಏನಾತು ನನಗ ಹೇಳ್ರಿ,” ಎಂದೆ.

“ಏನ್ ಹೇಳ್ಲಿ ಮೇಡಮ್ಮಾರ. ಹೇಳಾಕತ್ತೇನಿ, ಯಾರೂ ಕೇಳವಲ್ರು. ಶೆಡ್ಡಿನ್ಯಾಗ ಕುಂತಿದ್ದೆ. ಸೈರನ್ ಆಗ್ಲಿಲ್ಲ. ದೀಪ ಹತ್ತಲಿಲ್ಲ. ಹೊಳಿ ಸಪ್ಪಳ ಬ್ಯಾರೆ ಆತು ಅಂತ ಎದ್ದು ಓಡಿದ್ನಿ. ಅಷ್ಟೊತ್ತಿಗೆ ಟಂಟಂ ನಟ್ಟನಡುವ ಹೋಗಿತ್ತು.”

“ನೀವು ಮಲಗಿದ್ರಿ ಅಂತಾರ.”

“ಮಕ್ಕೊಂಡಿದ್ರ ಮಕ್ಕೊಂಡಿದ್ನಿ ಅಂತ ಹೇಳಿ ಕಾಲ್ ಹಿಡೀತಿದ್ದೆ. ಮಾಡ್ಲಾರದ್ದಕ್ಕ ಹ್ಯಾಂಗ ಹೂಂ ಅನ್ಲಿ?”

ಪೆಟ್ಟಿಗೆ ತೆರೆದೆ. ಬಾಗಿಲ ಒಳಗಡೆ ಒಂದು ಕೆಂಪು ಗುಂಡಿ ಇದೆ, ಒತ್ತಿದರೆ ಸೈರನ್ ಕೂಗುತ್ತದೆ. ಒತ್ತಿದೆ, ಕೂಗಿತು. ಮ್ಯಾನೇಜರ್ ಬಯಸಿದ ಸರ್ಟಿಫಿಕೇಟಿಗೆ ಇಷ್ಟು ಸಾಕಿತ್ತು. ಆದರೆ ಆ ಗುಂಡಿಯ ತಂತಿ ಕಂಪ್ಯೂಟರನ್ನು ಮುಟ್ಟುವುದೇ ಇಲ್ಲ, ಬ್ಯಾಟರಿಯಿಂದ ನೇರ ಸೈರನ್ನಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಸಿಡಿಲು ಬಡಿದು ಒಳಗಿನ ಕಾರ್ಡುಗಳು ಸುಟ್ಟಿದ್ದವು. ಕಂಪನಿಯ ಬೇರೆ ತಂಡ ಬಂದು ಹೊಸ ಕಾರ್ಡು ಹಾಕಿ ಹೋಗಿತ್ತು. ಅವರು ಪರೀಕ್ಷೆ ಮಾಡಿದ್ದು ಹೇಗೆ ಎಂದು ಕಾವಲುಗಾರನನ್ನೇ ಕೇಳಿದೆ.

“ಆ ಕೆಂಪು ಗುಂಡಿ ಒತ್ತಿದ್ರು, ಆತು ಅಂದ್ರು, ಹೋದ್ರು,” ಎಂದ.

ನಾನು ಲ್ಯಾಪ್‌ಟಾಪ್ ಜೋಡಿಸಿ ಆ ಸಂಜೆಯ ನೀರಿನ ಮಟ್ಟದ ಗೆರೆ ನೋಡಿದೆ. ಗೆರೆ ಏರುತ್ತಾ ಬಂದು ಅಪಾಯದ ಗುರುತು ಮುಟ್ಟಿದೆ. ಅಲ್ಲಿ ‘ಸೈರನ್ ಆನ್, ಓಕೆ’ ಎಂದು ಬರೆದಿದೆ. ಅಲ್ಲಿಂದ ಮುಂದೆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಏರಿಲ್ಲ, ಇಳಿದಿಲ್ಲ, ಒಂದು ಕೂದಲೆಳೆಯಷ್ಟು ಅಲುಗಿಲ್ಲ. ಕೊನೆಗೆ ಯಾರೋ ಪೆಟ್ಟಿಗೆಯನ್ನು ಬಂದ್ ಮಾಡಿ ಚಾಲೂ ಮಾಡಿದಮೇಲೆ ಮತ್ತೆ ಜೀವ ಬಂದಿದೆ. ಹೊಳೆ ಹಾಗೆ ನಿಲ್ಲುವುದಿಲ್ಲ. ನೀರು ಏರಿಳಿಯದೆ ಇದ್ದಾಗಲೂ ಅಲೆಗೆ ಗೆರೆ ನಡುಗುತ್ತದೆ. ಈ ಚಿತ್ರವನ್ನು ಮ್ಯಾನೇಜರ್ ನೋಡಿದ್ದ, ಅಧಿಕಾರಿಗೆ ಕಳಿಸಿಯೂ ಇದ್ದ. ಸತ್ತ ಗೆರೆಯೊಂದನ್ನು ಕಾಗದದ ಮೇಲೆ ಅಚ್ಚು ಹಾಕಿ ಬದುಕಿದ ಮನುಷ್ಯನ ವಿರುದ್ಧ ಸಾಕ್ಷಿ ಮಾಡಿದ್ದರು. ನನಗೆ ಸಿಟ್ಟು ಬರಲು ಶುರುವಾದದ್ದು ಅಲ್ಲಿ.

ಒಳಗಿನ ವ್ಯವಸ್ಥೆ ಸ್ವಲ್ಪ ಹೇಳಬೇಕು. ಪೆಟ್ಟಿಗೆಯಲ್ಲಿ ಒಂದು ಮುಖ್ಯ ಬೋರ್ಡು, ಅದರ ಮೇಲೆ ಚುಚ್ಚಿದ ಎರಡು ಕಾರ್ಡು. ಒಂದು ನೀರಿನ ಮಟ್ಟ ಓದುವುದು, ಇನ್ನೊಂದು ಸೈರನ್ ಕೂಗಿಸುವುದು, ದೀಪ ಹೊತ್ತಿಸುವುದು. ಕಾರ್ಡುಗಳ ಮೇಲಿನ ಚಿಪ್ಪುಗಳೆಲ್ಲ ಎರಡೇ ಎರಡು ತಂತಿಗಳನ್ನು ಹಂಚಿಕೊಂಡಿರುತ್ತವೆ. ಅದಕ್ಕೆ ಬಸ್ ಎನ್ನುತ್ತೇವೆ. ಒಂದು ಓಣಿಯ ಮನೆಗಳಿದ್ದ ಹಾಗೆ, ಪ್ರತಿ ಚಿಪ್ಪಿಗೆ ಒಂದು ನಂಬರು. ಯಾವ ನಂಬರಿನಲ್ಲಿ ಯಾವ ಚಿಪ್ಪಿದೆ ಎಂದು ಬೋರ್ಡಿಗೆ ತಾನಾಗಿ ತಿಳಿಯುವುದಿಲ್ಲ. ನಾವೇ ಒಂದು ವಿವರಣೆ ಬರೆದು ಕೊಡಬೇಕು. ಡಿವೈಸ್ ಟ್ರೀ ಎಂದು ಅದರ ಹೆಸರು. ಪ್ರತಿ ಕಾರ್ಡಿನಲ್ಲಿ ಒಂದು ಗುರುತಿನ ಚಿಪ್ಪೂ ಇರುತ್ತದೆ. ಬೋರ್ಡು ಎದ್ದ ಕೂಡಲೇ ಅದನ್ನು ಓದಿ, ಆ ಗುರುತಿಗೆ ಹೊಂದುವ ವಿವರಣೆಯನ್ನು ತಾನೇ ಎತ್ತಿಕೊಳ್ಳುತ್ತದೆ.

ನಮ್ಮ ವಿವರಣೆಯ ಪ್ರಕಾರ ಸೈರನ್ನಿನ ಚಿಪ್ಪು ಇಪ್ಪತ್ತನೇ ನಂಬರಿನಲ್ಲಿದೆ. ಬೋರ್ಡು ಅಲ್ಲಿಗೆ ‘ಸೈರನ್ ಹಾಕು’ ಎಂದು ಕಳಿಸುತ್ತದೆ, ಆ ನಂಬರಿನವನು ‘ಹೂಂ’ ಎನ್ನುತ್ತಾನೆ, ಲಾಗ್‌ನಲ್ಲಿ ‘ಓಕೆ’ ಬೀಳುತ್ತದೆ. ಆದರೆ ಈ ಹೂಂ ಎನ್ನುವುದರ ಅರ್ಥ ಇಲ್ಲೊಬ್ಬರು ಇದ್ದೇವೆ ಎಂದಷ್ಟೇ. ಯಾರಿದ್ದೇವೆ ಎಂದಲ್ಲ. ಹೇಳಿದ ಕೆಲಸ ಆಯಿತು ಎಂದಂತೂ ಅಲ್ಲವೇ ಅಲ್ಲ.

ಬಸ್ಸಿನ ಮೇಲೆ ಯಾರ್ಯಾರು ಇದ್ದಾರೆ ಎಂದು ಕರೆದು ನೋಡುವ ಒಂದು ಆಜ್ಞೆ ಇದೆ. ಓಡಿಸಿದೆ. ಇಪ್ಪತ್ತು ಇತ್ತು. ಮಟ್ಟ ಓದುವ ಚಿಪ್ಪಿತ್ತು. ಗುರುತಿನ ಚಿಪ್ಪುಗಳಿದ್ದವು. ಇವಲ್ಲದೆ ಇಪ್ಪತ್ನಾಲ್ಕರಲ್ಲಿ ಇನ್ಯಾರೋ ಇದ್ದರು. ನಮ್ಮ ವಿವರಣೆಯಲ್ಲಿ ಆ ನಂಬರೇ ಇಲ್ಲ.

ಕಾರ್ಡುಗಳನ್ನು ಬಿಚ್ಚಿ ಭೂತಗನ್ನಡಿ ಹಿಡಿದೆ. ಎರಡೂ ಹೊಸ ಬ್ಯಾಚಿನವು, ವರ್ಷನ್ ನಂಬರು ಬೇರೆ. ಮಾರಿದವರಿಗೆ ಫೋನ್ ಮಾಡಿದೆ. ಅಲ್ಲಿನ ತಾಂತ್ರಿಕ ವಿಭಾಗದವನು ಬಹಳ ಹಗುರವಾಗಿ ಹೇಳಿದ: “ಹೌದು ಮೇಡಂ, ಹೊಸ ಲೆವೆಲ್ ಕಾರ್ಡಲ್ಲಿ ಸೆನ್ಸರ್‌ಗೆ ಕರೆಂಟು ಕೊಡೋದಕ್ಕೆ ಒಂದು ಚಿಪ್ ಸೇರಿಸಿದ್ದೀವಿ. ಅದು ಇಪ್ಪತ್ತರಲ್ಲಿ ಕೂತಿದೆ. ಹಾಗಾಗಿ ಸೈರನ್ ಚಿಪ್‌ನ ಇಪ್ಪತ್ನಾಲ್ಕಕ್ಕೆ ಸರಿಸಿದ್ವಿ.”

“ಮತ್ತೆ ಗುರುತಿನ ಚಿಪ್ಪಿನಲ್ಲಿ ಹಳೇ ಗುರುತೇ ಇದೆಯಲ್ಲ.”

“ಅದನ್ನ ಬರೆಯೋದು ನಿಮ್ಮ ಕಂಪನಿ. ನಾವು ಹಳೇದನ್ನ ಕಾಪಿ ಮಾಡಿ ಕಳಿಸ್ತೀವಿ. ಬದಲಾಗಿರೋದು ನಿಮ್ಮ ಆಫೀಸಿಗೆ ಗೊತ್ತು.”

ಇಷ್ಟೇ ನಡೆದದ್ದು. ಹೊಸ ಕಾರ್ಡು ಹಳೆಯ ಹೆಸರು ಹೇಳಿಕೊಂಡಿತು, ಬೋರ್ಡು ಹಳೆಯ ವಿವರಣೆ ಎತ್ತಿಕೊಂಡಿತು. ಸೈರನ್ನಿಗೆ ಹೋಗಬೇಕಾದ ಆಜ್ಞೆ ಸೆನ್ಸರಿಗೆ ಕರೆಂಟು ಕೊಡುವ ಚಿಪ್ಪಿಗೆ ಹೋಯಿತು. ಅದು ಹೂಂ ಎಂದಿತು. ಅಷ್ಟಕ್ಕೇ ಬಿಡಲಿಲ್ಲ, ಸೈರನ್ನಿಗೆ ‘ಹಾಕು’ ಎನ್ನುವ ಸಂಕೇತ ಅದರ ಲೆಕ್ಕದಲ್ಲಿ ‘ಆರಿಸು’ ಎಂದಾಗಿ, ಸೆನ್ಸರಿನ ಕರೆಂಟು ಕಡಿದುಹಾಕಿತು. ಸೆನ್ಸರ್ ಸತ್ತಾಗ ಕೊನೆಯ ಒಳ್ಳೆಯ ಅಂಕಿಯನ್ನೇ ಹಿಡಿದುಕೊಂಡಿರು ಎಂದು ನಮ್ಮ ಪ್ರೋಗ್ರಾಮಿನಲ್ಲಿ ಬರೆದಿತ್ತು. ಅದಕ್ಕೇ ಆ ನೇರ ಗೆರೆ. ನೀರು ಏರುತ್ತಿದ್ದ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಮೂಕವೂ ಆಯಿತು, ಕುರುಡೂ ಆಯಿತು, ಎಲ್ಲ ಓಕೆ ಎಂದು ಬರೆದುಕೊಂಡಿತು.

ಆದರೂ ಖಾತ್ರಿ ಬೇಕಿತ್ತು. ಮರುದಿನ ರೋಣ ತಾಲ್ಲೂಕಿನ ಸವಡಿ ಕಡೆಗೆ ಹೋದೆ. ಅಲ್ಲಿನ ಹಳ್ಳದ ಪೆಟ್ಟಿಗೆಯಲ್ಲಿ ಹಳೆಯ ಕಾರ್ಡುಗಳೇ ಇವೆ, ಪ್ರೋಗ್ರಾಮು ಕೊಣ್ಣೂರಿನದ್ದೇ. ಹೊಲದಲ್ಲಿದ್ದವರಿಗೆ ಮೊದಲೇ ಹೇಳಿ ಲ್ಯಾಪ್‌ಟಾಪಿನಿಂದ ಆಜ್ಞೆ ಕೊಟ್ಟೆ. ಸೈರನ್ ಕೂಗಿತು. ಎತ್ತುಗಳು ಬೆದರಿ ನಿಂತವು. ಅದೇ ವಿವರಣೆ ಅಲ್ಲಿ ಸರಿ, ಇಲ್ಲಿ ತಪ್ಪು. ಇನ್ನು ಅನುಮಾನ ಉಳಿಯಲಿಲ್ಲ.

ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, “ಒಳ್ಳೇ ಕೆಲಸ ಮಾಡಿದ್ರಿ ಮೇಡಂ. ಇನ್ನು ನೀವು ಏನೂ ಮುಟ್ಟಬೇಡಿ. ನಾವು ಇಲ್ಲಿಂದಲೇ ಅಪ್‌ಡೇಟ್ ಕಳಿಸ್ತೀವಿ. ವಿವರಣೆ ಬದಲಾಗುತ್ತೆ, ಸೈರನ್ ಕೂಗುತ್ತೆ. ಅಧಿಕಾರಿ ಬಂದು ನೋಡಿದರೂ ಕೂಗುತ್ತೆ,” ಎಂದ.

“ಅಧಿಕಾರಿ ಬಂದಾಗ ಕೂಗಿದ್ರ ಅವತ್ತೂ ಕೂಗಿತ್ತು ಅಂತ ಆಗ್ತದಲ್ರಿ.”

“ಹೌದಲ್ಲ. ಅದೇ ನಮಗೆ ಬೇಕಾಗಿರೋದು.”

“ಕಾವಲುಗಾರನ ಗತಿ?”

“ಅವನಿಗೆ ಬೇರೆ ಎಲ್ಲಾದರೂ ಕೆಲಸ ಕೊಡಿಸೋಣ. ಈ ಮೂರು ತಾಲ್ಲೂಕಿನ ಕೆಲಸ ಪೂರ್ತಿ ನಮ್ಮ ಕೈ ತಪ್ಪುತ್ತೆ ಮೇಡಂ. ನಿಮ್ಮ ಕೆಲಸಾನೂ ಅದರಲ್ಲೇ ಇದೆ. ಸ್ವಲ್ಪ ಯೋಚನೆ ಮಾಡಿ.”

ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಬೀಗರ ಮನೆಯ ಸಣ್ಣ ಜಗಳ ಬಗೆಹರಿಸುವ ಹಿರಿಯನ ಹಾಗೆ ಮಾತಾಡುತ್ತಿದ್ದ. ಅದೇ ನನ್ನ ಮೈ ಉರಿಸಿತು. ಸವಡಿಯಿಂದ ರೋಣಕ್ಕೆ, ಅಲ್ಲಿಂದ ನರಗುಂದಕ್ಕೆ ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದೆ. ನಾನು ತಲುಪುವ ಮೊದಲೇ ಅವರು ಅಪ್‌ಡೇಟ್ ಕಳಿಸಿದರೆ ಪೆಟ್ಟಿಗೆ ಸರಿಹೋಗುತ್ತದೆ, ಕಾವಲುಗಾರ ಕೆಟ್ಟವನಾಗಿಯೇ ಉಳಿಯುತ್ತಾನೆ. ರಿಪೇರಿಯೇ ಸುಳ್ಳನ್ನು ಗಟ್ಟಿ ಮಾಡುತ್ತದೆ ಎನ್ನುವುದು ನನ್ನ ಕೆಲಸದಲ್ಲಿ ಹಿಂದೆಂದೂ ಬಂದ ಸಂಗತಿಯಲ್ಲ.

ಸೇತುವೆಗೆ ಬಂದವಳೇ ಪೆಟ್ಟಿಗೆ ತೆಗೆದು ಮೋಡೆಮ್ಮಿನ ಆಂಟೆನಾ ಬಿಚ್ಚಿ ಚೀಲದಲ್ಲಿ ಹಾಕಿಕೊಂಡೆ. ಇನ್ನು ದೂರದಿಂದ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಒಳಗಿನ ವಿವರಣೆ ಹಳೆಯದೇ ಎಂದು ನೋಡಿಕೊಂಡೆ. ಆದರೆ ಹೊಳೆ ಏರಿದರೆ ಸೈರನ್ನಂತೂ ಕೂಗುವುದಿಲ್ಲ, ಆಂಟೆನಾ ತೆಗೆದಮೇಲೆ ಹೊರಗೆ ಸುದ್ದಿಯೂ ಹೋಗುವುದಿಲ್ಲ. ಹಾಗಾಗಿ ಅಡ್ಡಗಂಬ ಇಳಿಸಿ ಸರಪಳಿ ಬಿಗಿದು ದಾರಿ ಮುಚ್ಚಬೇಕಾಯಿತು.

“ಕಾಕಾ, ನಾನು ಹೇಳೂತನಾ ಇದನ್ನ ತಗೀಬ್ಯಾಡ್ರಿ. ಮಂದಿ ಬೈತಾರ.”

“ಬೈಲಿ ಬಿಡ್ರಿ. ಈಗೇನ್ ಹೊಗಳಾಕತ್ತಾರೇನು,” ಎಂದ. ಹೊಲದವರು ದೊಡ್ಡ ಸೇತುವೆಯ ಮೇಲೆ ಸುತ್ತಿ ಹೋಗಬೇಕಾಗಿ, ನಿಜವಾಗಿಯೂ ಇಬ್ಬರನ್ನೂ ಬೈದರು.

ಆಮೇಲೆ ತಾಲ್ಲೂಕಿನ ಅಧಿಕಾರಿಗೆ ನಾನೇ ಫೋನ್ ಮಾಡಿದೆ. ಕಂಪನಿಯ ಕೆಲಸದವಳು ಕಂಪನಿಯನ್ನು ದಾಟಿ ಹಾಗೆ ಮಾತಾಡುವುದು ಸರಿಯೇ ಎಂದು ಒಮ್ಮೆ ಯೋಚಿಸಿದೆ, ನಿಜ. “ಸಾಹೇಬ್ರ, ವರದಿ ಬರಿಯೂದಕ್ಕಿಂತ ಮದ್ಲ ನೀವು ಒಮ್ಮೆ ಬಂದು ಕಿವಿಲೆ ಕೇಳ್ರಿ. ನಮ್ಮ ಮ್ಯಾನೇಜರ್ರೂ ಇರ್ಲಿ,” ಎಂದೆ. ಅವರು ಕಾರಣ ಕೇಳಲಿಲ್ಲ, ನಾಳೆ ಮುಂಜಾನೆ ಬರುತ್ತೇನೆ ಎಂದರು.

ಮುಂಜಾನೆ ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಸೇರಿದರು. ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ. ಕೈ ಮುರಿದ ಹೆಣ್ಣುಮಗಳು ಪ್ಲಾಸ್ಟರ್ ಹಾಕಿಕೊಂಡ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಯಾರು ಕರೆದರೋ ಗೊತ್ತಿಲ್ಲ. ಅಧಿಕಾರಿ ಮೊದಲು ಅವಳನ್ನೇ ಕೇಳಿದರು.

“ನೀನು ಸೈರನ್ ಕೇಳಿದ್ಯೇನವ್ವಾ?”

“ಇಲ್ರೀ ಸಾಹೇಬ್ರ.”

ಮ್ಯಾನೇಜರ್ ನಡುವೆ ಬಾಯಿ ಹಾಕಿದ. “ಸರ್, ಗಾಡಿ ಸದ್ದಲ್ಲಿ, ಮಾತಿನ ಗದ್ದಲದಲ್ಲಿ ಇವರಿಗೆ ಕೇಳಿಸಿರಲಿಕ್ಕಿಲ್ಲ.”

ಅವಳು ಅವನ ಕಡೆ ತಿರುಗಿದಳು. “ಹ್ವಾದ ವರ್ಷ ಇದು ಒದರಿದಾಗ ನಮ್ಮ ಮನಿತನಾ ಕೇಳಿತ್ರಿ. ಒಳಗ ರೊಟ್ಟಿ ಬಡ್ಯಾಕತ್ತಿದ್ನಿ, ಹೊರಗ ಓಡಿ ಬಂದೆ. ಇದರ ಬುಡಕ ಇದ್ದಾಗ ಕೇಳಂಗಿಲ್ಲೇನ್ರಿ? ಗಾಡಿ ತುಂಬ ಹೆಣಮಕ್ಕಳಿದ್ವಿ, ಎಲ್ಲಾರೂ ಕಿವುಡ್ರೇನ್ರಿ?”

ನಾನು ಲ್ಯಾಪ್‌ಟಾಪನ್ನು ಅಧಿಕಾರಿಗೆ ಕಾಣುವ ಹಾಗೆ ಕಟ್ಟೆಯ ಮೇಲಿಟ್ಟೆ. “ಸಾಹೇಬ್ರ, ಅವತ್ತು ಪೆಟ್ಟಿಗಿ ಹ್ಯಾಂಗ ಇತ್ತೋ ಹಂಗ ಐತಿ. ದೂರದಿಂದ ಯಾರೂ ಮುಟ್ಟಬಾರದಂತ ಆಂಟೆನಾ ತಗದೇನಿ, ಮತ್ತೇನೂ ಬದಲಿ ಮಾಡಿಲ್ಲ. ಈಗ ಸೈರನ್ ಹಾಕು ಅಂತ ಹೇಳ್ತೀನಿ,” ಎಂದು ಆಜ್ಞೆ ಕೊಟ್ಟೆ.

ಪರದೆಯ ಮೇಲೆ ಬಂತು: ಸೈರನ್ ಆನ್, ಓಕೆ. ಲೈಟ್ ಆನ್, ಓಕೆ.

ಸೈರನ್ ಕೂಗಲಿಲ್ಲ. ಸೇತುವೆಯ ಕೆಳಗೆ ನೀರು ಹರಿಯುವ ಸದ್ದು, ಆಚೆ ದಂಡೆಯ ಹೊಲದಲ್ಲಿ ಯಾರೋ ಎತ್ತು ಹೊಡೆಯುವ ಸದ್ದು. ಅಧಿಕಾರಿ ತಲೆ ಎತ್ತಿ ಸೈರನ್ ನೋಡಿದರು, ಮತ್ತೆ ಪರದೆ ನೋಡಿದರು. “ಇನ್ನೊಮ್ಮೆ ಮಾಡ್ರಿ,” ಎಂದರು. ಮಾಡಿದೆ. ಮತ್ತೆ ಓಕೆ, ಮತ್ತೆ ಮೌನ. ನೀರಿನ ಮಟ್ಟದ ಅಂಕಿ ಅಲ್ಲಾಡದೆ ನಿಂತಿದ್ದನ್ನೂ, ಲೆವೆಲ್ ಕಾರ್ಡಿನ ಮೇಲೆ ಸೆನ್ಸರಿನ ಸಣ್ಣ ಹಸಿರು ದೀಪ ಆರಿಹೋಗಿದ್ದನ್ನೂ ತೋರಿಸಿದೆ.

“ಇದಕ್ಕ ಏನಂತೀರಿ?” ಎಂದು ಅಧಿಕಾರಿ ಮ್ಯಾನೇಜರನ್ನು ಕೇಳಿದರು.

“ಸಣ್ಣ ಕಾನ್ಫಿಗರೇಶನ್ ಸಮಸ್ಯೆ ಸರ್. ಒಂದೇ ಒಂದು ನಂಬರು ಬದಲಾಗಬೇಕು.”

“ಒಂದ ನಂಬರು,” ಎಂದರು ಅಧಿಕಾರಿ. ಹೆಣ್ಣುಮಗಳ ಕೈ ಕಡೆ ನೋಡಿದರು.

ಆಮೇಲೆ ಅವರೆದುರಿಗೇ ಕೂತು ನಾನು ಹೊಸ ವಿವರಣೆ ಬರೆದೆ. ಗುರುತಿನ ಚಿಪ್ಪು ನೋಡಿ ತಾನೇ ಎತ್ತಿಕೊಳ್ಳುವ ಪದ್ಧತಿಯನ್ನು ಮೊದಲು ಬಂದ್ ಮಾಡಿದೆ. ಇಪ್ಪತ್ತರಲ್ಲಿ ಇರುವುದು ಸೆನ್ಸರಿನ ಕರೆಂಟು, ಬೋರ್ಡು ಏಳುವಾಗ ಅದು ಚಾಲೂ ಆಗಬೇಕು, ಯಾರೂ ಕಡಿಯಬಾರದು ಎಂದು ಬರೆದೆ. ಇಪ್ಪತ್ನಾಲ್ಕರಲ್ಲಿ ಸೈರನ್ನು, ದೀಪ. ಚಿಪ್ಪಿನ ಯಾವ ಕಾಲು ಯಾವುದಕ್ಕೆ ಎಂದು ಮೀಟರ್ ಹಿಡಿದು ಒಂದೊಂದಾಗಿ ನೋಡಿ ಹೆಸರು ಕೊಟ್ಟೆ. ಒಂದು ಅರ್ಧವಿರಾಮ ಬಿಟ್ಟುಹೋಗಿ ಮೊದಲ ಸಲ ಅದು ಕಂಪೈಲ್ ಆಗಲಿಲ್ಲ, ಬೋರ್ಡಿಗೆ ತಿಳಿಯುವ ರೂಪಕ್ಕೆ ಬರಲಿಲ್ಲ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. ತಿದ್ದಿ, ಬೋರ್ಡು ಬಂದ್ ಮಾಡಿ ಎಬ್ಬಿಸಿ, ಆಜ್ಞೆ ಕೊಟ್ಟೆ.

ಸೈರನ್ ಒದರಿದ ರಭಸಕ್ಕೆ ಮ್ಯಾನೇಜರ್ ಎರಡೂ ಕಿವಿ ಮುಚ್ಚಿಕೊಂಡ. ದಾರಿಯ ಎರಡೂ ತುದಿಯಲ್ಲಿ ಕೆಂಪು ದೀಪ ಹತ್ತಿತು. ಕಾವಲುಗಾರ ಯಾರೂ ಹೇಳದೆಯೇ ಎದ್ದು ಹೋಗಿ, ಆಗಲೇ ಇಳಿದಿದ್ದ ಅಡ್ಡಗಂಬದ ಮೇಲೆ ಕೈ ಇಟ್ಟು ನಿಂತ. ಸೈರನ್ ನಿಲ್ಲುವವರೆಗೂ ಹಾಗೇ ನಿಂತಿದ್ದ. ಹೆಣ್ಣುಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇಷ್ಟು ಸಲೀಸಾಗಿ ಆಗುವ ಕೆಲಸವನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಒಂದೇ ಒಮ್ಮೆ, ಯಾರಾದರೂ ಮಾಡಿ ನೋಡಿದ್ದರೆ ಸಾಕಿತ್ತು.

ನಂತರದ ವಾರಗಳಲ್ಲಿ ಸೈರನ್ನಿನ ತಂತಿಯಿಂದ ಬೋರ್ಡಿಗೆ ಮತ್ತೊಂದು ತಂತಿ ಎಳೆದೆ. ಈಗ ಸೈರನ್ನಿನೊಳಗೆ ನಿಜವಾಗಿ ಕರೆಂಟು ಹರಿದರೆ ಮಾತ್ರ ಲಾಗ್‌ನಲ್ಲಿ ‘ಕೂಗಿತು’ ಎಂದು ಬೀಳುತ್ತದೆ. ಆಜ್ಞೆ ಕೊಟ್ಟದ್ದಕ್ಕೆ ‘ಆಜ್ಞೆ ಕೊಟ್ಟಿದೆ’ ಎಂದಷ್ಟೇ. ಸೆನ್ಸರ್ ಸತ್ತರೆ ಹಳೆಯ ಅಂಕಿ ಹಿಡಿದು ಕೂರುವುದನ್ನೂ ತೆಗೆಸಿದೆ, ಅಂಕಿ ಇಲ್ಲವಾದರೆ ಅದೇ ಅಪಾಯವೆಂದು ಸೈರನ್ ಕೂಗಬೇಕು. ಗಜೇಂದ್ರಗಡದ ಕಡೆಯ ಒಂದು ಹಳ್ಳದ ಪೆಟ್ಟಿಗೆಯಲ್ಲೂ ಹೊಸ ಕಾರ್ಡುಗಳು ಹಳೆಯ ಗುರುತು ಹೊತ್ತು ಕುಳಿತಿದ್ದವು. ನನ್ನ ಮನೆಯಿಂದ ಗಾಡಿಯ ಮೇಲೆ ಹೋಗಿಬರುವಷ್ಟು ಹತ್ತಿರದ ಜಾಗ. ಅದನ್ನು ಸರಿಮಾಡಿ ಮುಗಿಸಿದ ದಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಹೊಸ ಬ್ಯಾಚು ಎಲ್ಲೆಲ್ಲಿ ಹೋಗಿದೆ ಎಂದು ಕೇಳಿದರೆ, “ಅದೆಲ್ಲ ನೋಡ್ತಾ ಇದ್ದೀವಿ,” ಎಂದ. ನನ್ನ ಕೆಲಸ ತೆಗೆಯಲಿಲ್ಲ. ಅಧಿಕಾರಿಯ ಕಣ್ಣು ಇರುವಾಗ ತೆಗೆಯುವುದು ಕಷ್ಟವಿತ್ತು, ಅಷ್ಟೇ. ಕಾವಲುಗಾರನನ್ನು ಮರಳಿ ತೆಗೆದುಕೊಂಡರು, ನಿಲ್ಲಿಸಿದ ದಿನಗಳ ಪಗಾರವೂ ಬಂತು. ತಪ್ಪಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಕಂಪನಿಯ ಕೊನೆಯ ವರದಿಯನ್ನು ನಾನು ನರಗುಂದದಲ್ಲಿ ಓದಿದೆ. ಅವತ್ತು ಕಾವಲುಗಾರ ಏನೋ ಕೆಲಸಕ್ಕೆ ಪೇಟೆಗೆ ಬಂದಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುವಾಗ ಅವನೇ ವಿಷಯ ತೆಗೆದ.

“ಮೇಡಮ್ಮಾರ, ಕಾಗದದಾಗ ನನ್ನ ಹೆಸರು ತಗದಾರೇನ್ರಿ?”

“ತಗದಾರ ಕಾಕಾ.” ಮೊದಲ ವರದಿಯಲ್ಲಿ ಅವನ ಹೆಸರು, ಅವನ ತಂದೆಯ ಹೆಸರು, ಊರು, ವಯಸ್ಸು ಎಲ್ಲ ಇತ್ತು.

“ಮತ್ತ ಯಾರ ಹೆಸರು ಹಾಕ್ಯಾರ?”

“ಯಾರದೂ ಇಲ್ಲ. ‘ತಾಂತ್ರಿಕ ಕಾರಣದಿಂದ ಸೈರನ್ ಕಾರ್ಯನಿರ್ವಹಿಸಲಿಲ್ಲ, ಈಗ ಸುಧಾರಿಸಲಾಗಿದೆ’ ಅಂತ ಬರದಾರ.”

ಅವನು ಚಹಾದ ಕಪ್ಪು ಕೆಳಗಿಟ್ಟ.

“ಹಂಗಂದ್ರ ಯಾರೂ ತಪ್ಪು ಮಾಡಿಲ್ಲ ಅಂದಂಗಾತಲ್ರಿ. ಮತ್ತ ಆ ಹೆಣಮಗಳ ಕೈ ಏನು ತಾನ ಮುರಕೊಂಡ್ತೇನ್ರಿ?”